ಚರ್ಚಿಲ್ಲರ ಯುದ್ಧಚರಿತ್ರೆ: ಅದರ ವಾಕ್ಕು ಮತ್ತು ಮೌನ

ಯುದ್ಧವನ್ನು ನಡೆಸಿದ ನಾಯಕನೇ ಆ ಯುದ್ಧದ ಚರಿತ್ರಕಾರನೂ ಆಗುವುದು ಅಪೂರ್ವವಾದ ಸಂಗತಿ. ಪ್ರಾಚೀನ ಕಾಲದಲ್ಲಿ ಜೂಲಿಯಸ್ ಸೀಸರನು ಗಾಲ್ ದೇಶದಲ್ಲಿ ತಾನು ಮಾಡಿದ ದಂಡಯಾತ್ರೆಗಳನ್ನು ತಾನೇ ಬರೆದಿಟ್ಟನು. ಆಧುನಿಕ ಕಾಲದಲ್ಲಿ ಅದಕ್ಕೆ ಸಾಟಿಯಾಗಿ ಹೇಳಬಹುದಾದುದು, 1948ರಿಂದ 1954ರ ವರೆಗೆ ಆರು ಸಂಪುಟಗಳಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ವಿನ್‌ಸ್ಟನ್ ಚರ್ಚಿಲ್ಲರ ಎರಡನೆಯ ಮಹಾಯುದ್ಧದ ಚರಿತ್ರೆ. ನಮ್ಮ ಪ್ರಶಸ್ತಿಶಾಸನಗಳಲ್ಲಿ ಪರಾಕ್ರಮಿಯಾದ ಅರಸನು ಬೇರೆ, ಅವನನ್ನು ಹೊಗಳುವ ಕವಿಯು ಬೇರೆ. ಈ ಗ್ರಂಥದಲ್ಲಿಯಾದರೋ ಇಬ್ಬರೂ ಒಬ್ಬರೇ. ಆದುದರಿಂದ ಇದನ್ನು ಓದುವಾಗ ಹೇಳಿರುವುದನ್ನು ಎಷ್ಟು ಎಚ್ಚರಿಕೆಯಿಂದ ನೋಡಬೇಕೋ ಹೇಳದೆ ಬಿಟ್ಟಿರುವುದನ್ನೂ ಅಷ್ಟೇ ಎಚ್ಚರಿಕೆಯಿಂದ ನೋಡಬೇಕಾಗುತ್ತದೆ.

ಗ್ರಂಥಕರ್ತರ ಶೈಲಿಯ ಮೂಲವನ್ನು ಹುಡುಕುವವರು ನಮ್ಮ ನಾಡಿಗೇ ಬರಬೇಕು. 1874ರಲ್ಲಿ ಜನಿಸಿದ ಚರ್ಚಿಲ್ಲರು 1896ರಲ್ಲಿ ಅಶ್ವದಳದ ಕಿರಿಯ ಅಧಿಕಾರಿಯಾಗಿ ಬೆಂಗಳೂರಿನ ದಂಡುಪ್ರದೇಶಕ್ಕೆ ಬಂದರು. ವಿಶ್ವವಿದ್ಯಾನಿಲಯದ ಶಿಕ್ಷಣವನ್ನು ಪಡೆಯದ ಆ ತರುಣರು ಗಿಬ್ಬನ್ ಮತ್ತು ಮೆಕಾಲೆ ಇವರ ಚರಿತ್ರಗ್ರಂಥಗಳನ್ನು ಇಲ್ಲಿಯೇ ಆಸಕ್ತಿಯಿಂದ ವ್ಯಾಸಂಗಮಾಡಿದರೆಂಬುದನ್ನು 1930ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ತಾವೇ ಹೇಳಿಕೊಂಡಿದ್ದಾರೆ. ವಾಕ್ಯದ ಎರಡು ಭಾಗಗಳನ್ನು ತಕ್ಕಡಿಯಲ್ಲಿಟ್ಟಂತೆ ತೂಗಿ ನಿಲ್ಲಿಸುವುದು ಗಿಬ್ಬನ್ನನಿಂದ ಬಂದ ವಿದ್ಯೆ. ಚರಿತ್ರೆಯನ್ನು ಧರ್ಮಾಧರ್ಮಗಳ ನಾಟಕವನ್ನಾಗಿ ಕಾಣುವುದು ಮೆಕಾಲೆಯಿಂದ ಬಂದ ದೃಷ್ಟಿ. ಅರ್ಧಶತಮಾನದ ತರುವಾಯ ಬರೆದ ಈ ಸಂಪುಟಗಳಲ್ಲಿ ಇವೆರಡೂ ಪಕ್ವವಾಗಿ ಕಾಣಿಸಿಕೊಂಡಿವೆ.

ಗ್ರಂಥದ ಗುಣಗಳನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಮೊದಲನೆಯ ಸಂಪುಟದ ರಚನೆಯೊಂದೇ ಸಾಕು, ಗ್ರಂಥಕರ್ತರ ಕಥನಶಕ್ತಿಗೆ ಪ್ರಮಾಣವಾಗಿ. 1919ರ ಸಂಧಿಯಿಂದ ಹಿಡಿದು ಹಿಟ್ಲರನ ಉತ್ಕರ್ಷದ ವರೆಗೆ ಒಂದೊಂದು ತಪ್ಪು ಹೆಜ್ಜೆಯನ್ನೂ ಎಣಿಸಿ ತೋರಿಸುತ್ತ, 1940ರ ಮೇ 10ರ ರಾತ್ರಿಗೆ ಕಥೆಯನ್ನು ತಂದು ನಿಲ್ಲಿಸುತ್ತಾರೆ. ಪ್ರಧಾನಮಂತ್ರಿಪದವು ಕೈಗೆ ಬಂದ ಆ ರಾತ್ರಿ, ತಮ್ಮ ಹಿಂದಿನ ಜೀವನವೆಲ್ಲವೂ ಆ ಗಳಿಗೆಗೆ ಸಿದ್ಧತೆಯಾಗಿತ್ತೆಂದು ತಮಗೆ ತೋರಿತೆನ್ನುತ್ತಾರೆ. ಆ ಮಾತು ಆತ್ಮಶ್ಲಾಘನೆಯಾದರೂ ಹಿಂದಿನ ಕಥನವೆಲ್ಲವೂ ಅದಕ್ಕೆ ಅಡಿಪಾಯವನ್ನು ಹಾಕಿರುವುದರಿಂದ ವಾಚಕನು ಅದನ್ನು ಒಪ್ಪಿಬಿಡುತ್ತಾನೆ. 1953ರ ನೊಬೆಲ್ ಸಾಹಿತ್ಯ ಪಾರಿತೋಷಕವು ಅವರ ಚರಿತ್ರಲೇಖನವನ್ನೂ ವಾಗ್ಮಿತೆಯನ್ನೂ ಲಕ್ಷಿಸಿ ಬಂದುದು ಆಶ್ಚರ್ಯವಲ್ಲ.

ಆದರೆ ಈ ಗ್ರಂಥವು ಒಬ್ಬರ ಲೇಖನಿಯಿಂದ ಮಾತ್ರ ಹುಟ್ಟಿದುದಲ್ಲ. ವಿಲಿಯಂ ಡೀಕಿನ್, ಜನರಲ್ ಇಸ್ಮೇ, ಜನರಲ್ ಪೌನಾಲ್, ಕಮಡೋರ್ ಅಲೆನ್, ಡೆನಿಸ್ ಕೆಲ್ಲಿ ಮೊದಲಾದವರ ಮಂಡಲಿಯೊಂದು ಕಾಗದಪತ್ರಗಳನ್ನು ಶೋಧಿಸಿ, ಕರಡುಗಳನ್ನು ಸಿದ್ಧಪಡಿಸಿತು. ಚರ್ಚಿಲ್ಲರು ಅವನ್ನು ತಿದ್ದಿ, ತಮ್ಮ ಮಾತುಗಳನ್ನು ಹೇಳಿ ಬರೆಯಿಸಿ, ಎಲ್ಲಕ್ಕೂ ತಮ್ಮ ಮುದ್ರೆಯನ್ನೊತ್ತಿದರು. ಡೇವಿಡ್ ರೆನಲ್ಡ್ಸ್ ಎಂಬ ವಿದ್ವಾಂಸರು 2004ರ ತಮ್ಮ ಗ್ರಂಥದಲ್ಲಿ ಈ ರಚನೆಯ ಕ್ರಮವನ್ನು ಸಪ್ರಮಾಣವಾಗಿ ವಿವರಿಸಿದ್ದಾರೆ. ಇನ್ನೊಂದು ಅಂಶವೂ ಗಮನಾರ್ಹವಾದುದು. ಪ್ರಧಾನಮಂತ್ರಿಯಾಗಿದ್ದಾಗ ತಾವು ಕಳುಹಿಸಿದ ಟಿಪ್ಪಣಿಗಳನ್ನು ಗ್ರಂಥಕರ್ತರು ಧಾರಾಳವಾಗಿ ಅಚ್ಚುಹಾಕಿಸಿದ್ದಾರೆ. ಅವುಗಳಿಗೆ ಬಂದ ಉತ್ತರಗಳಾದರೋ ವಿರಳ. ಪ್ರಶ್ನೆಯೊಂದೇ ಉಳಿದು ಉತ್ತರವು ಲೋಪವಾದರೆ, ಕೇಳಿದವನೇ ಸರ್ವಜ್ಞನಂತೆ ಕಾಣುವುದು ಸಹಜ. ಸೇನಾಮುಖ್ಯರಾಗಿದ್ದ ಅಲನ್‌ಬ್ರೂಕರ ದಿನಚರಿಯು 1957ರಲ್ಲಿ ಆರ್ಥರ್ ಬ್ರಯಂಟರ ಗ್ರಂಥದ ಮೂಲಕ ಹೊರಬಿದ್ದಾಗ, ಉತ್ತರದ ಪಕ್ಷವು ಎಷ್ಟು ಪ್ರಬಲವಾಗಿತ್ತೆಂಬುದು ಲೋಕಕ್ಕೆ ತಿಳಿಯಿತು.

ಗ್ರಂಥದ ಮೌನಗಳಲ್ಲಿ ನಾವು ಮೂರು ಬಗೆಗಳನ್ನು ಗುರುತಿಸಬಹುದು. ಮೊದಲನೆಯದು ರಾಜ್ಯರಹಸ್ಯದಿಂದ ಬಂದುದು. ಶತ್ರುವಿನ ಗೂಢಲಿಪಿಯನ್ನು ಬ್ಲೆಚ್ಲಿ ಪಾರ್ಕಿನಲ್ಲಿ ಭೇದಿಸಿ ಓದುತ್ತಿದ್ದರೆಂಬ ಸಂಗತಿ 1974ರ ವರೆಗೆ ಸಾರ್ವಜನಿಕರಿಗೆ ಬಹುಮಟ್ಟಿಗೆ ಅಜ್ಞಾತವಾಗಿತ್ತು. ಚರ್ಚಿಲ್ಲರು ಅದನ್ನು ಬರೆಯುವಂತಿರಲಿಲ್ಲ. ಇದರಿಂದ ಹಲವು ಯುದ್ಧಗಳ ಕಾರಣಪರಂಪರೆ ಅವರ ಕಥನದಲ್ಲಿ ತುಂಡಾಗಿದ್ದರೂ, ದೋಷವನ್ನು ಗ್ರಂಥಕರ್ತರ ಮೇಲೆ ಹೊರಿಸಲಾಗದು.

ಎರಡನೆಯದು ದಾಕ್ಷಿಣ್ಯದ ಮೌನ. ಫ್ರಾನ್ಸು ಬೀಳುತ್ತಿದ್ದ ಕಾಲದಲ್ಲಿ, ಯುದ್ಧವನ್ನು ಮುಂದುವರಿಸಬೇಕೆ ಬೇಡವೆ ಎಂಬ ಪ್ರಶ್ನೆಯು ಯುದ್ಧ ಮಂತ್ರಿಮಂಡಲದ ಕಾರ್ಯಕಲಾಪದಲ್ಲಿ ಎಂದೂ ಸ್ಥಾನ ಪಡೆಯಲಿಲ್ಲವೆಂದು ಎರಡನೆಯ ಸಂಪುಟವು ಹೇಳುತ್ತದೆ. ಆದರೆ ಮಂತ್ರಿಮಂಡಲದ ಕಾಗದಗಳು ಮೂವತ್ತು ವರ್ಷಗಳ ಅನಂತರ ಬಹಿರಂಗವಾದಾಗ ಬೇರೊಂದು ಚಿತ್ರವು ಕಾಣಿಸಿತು. 1940ರ ಮೇ 26ರಿಂದ 28ರ ವರೆಗೆ, ಇಟಲಿಯ ಮೂಲಕ ಸಂಧಿಯ ಸಾಧ್ಯತೆಯನ್ನು ಪರೀಕ್ಷಿಸಬೇಕೆಂದು ವಿದೇಶಾಂಗ ಮಂತ್ರಿಗಳಾದ ಹ್ಯಾಲಿಫ್ಯಾಕ್ಸರು ವಾದಿಸಿದ್ದರು. ಚರ್ಚಿಲ್ಲರು ಅದನ್ನು ಎದುರಿಸಿ ಗೆದ್ದಿದ್ದರು. ಮೇ 28ರಂದು ಇತರ ಮಂತ್ರಿಗಳ ಸಭೆಯು ತಮ್ಮ ದೃಢಸಂಕಲ್ಪವನ್ನು ಕೇಳಿ ಉತ್ಸಾಹದಿಂದ ಅನುಮೋದಿಸಿತೆಂಬುದನ್ನು ಗ್ರಂಥವು ವರ್ಣಿಸುತ್ತದೆ. ಆ ಅನುಮೋದನೆ ಏಕೆ ಅಷ್ಟು ಬೆಲೆಯುಳ್ಳದ್ದಾಗಿತ್ತೆಂಬುದನ್ನು ಮಾತ್ರ ಹೇಳುವುದಿಲ್ಲ. ಸಹೋದ್ಯೋಗಿಯ ಮಾನವನ್ನು ಕಾಪಾಡಿದುದು ಸೌಜನ್ಯವೇ ಸರಿ. ಆದರೆ ಇದರಿಂದ ಗ್ರಂಥಕರ್ತರಿಗೇ ನಷ್ಟವಾಗಿದೆ. ಸರ್ವಾನುಮತದ ನಾಯಕನಿಗಿಂತ, ಸಂಶಯಗಳ ನಡುವೆ ವಾದದಿಂದ ಗೆದ್ದ ನಾಯಕನು ದೊಡ್ಡವನಲ್ಲವೆ? ಸತ್ಯವನ್ನು ಬರೆದಿದ್ದರೆ ಅವರ ಕೀರ್ತಿ ಹೆಚ್ಚುತ್ತಿತ್ತೇ ಹೊರತು ಕುಗ್ಗುತ್ತಿರಲಿಲ್ಲ.

ಮೂರನೆಯ ಮೌನವು ಇವೆರಡರಂತಲ್ಲ. ಯುದ್ಧದ ಘೋರಗಳಿಂದ ಹಿಂದುಸ್ಥಾನದ ಜನರಷ್ಟು ಚೆನ್ನಾಗಿ ರಕ್ಷಿತರಾದ ದೊಡ್ಡ ಜನಸಮೂಹವು ಲೋಕದಲ್ಲಿ ಮತ್ತೊಂದಿಲ್ಲವೆಂಬ ಅಭಿಪ್ರಾಯವು ನಾಲ್ಕನೆಯ ಸಂಪುಟದಲ್ಲಿದೆ. ಈ ಮಾತಿನ ಪಕ್ಕದಲ್ಲಿ 1943ರ ಬಂಗಾಳವನ್ನು ಇಟ್ಟು ನೋಡಬೇಕು. ಹಿಂದಿನ ವರ್ಷ ಬರ್ಮಾದೇಶವು ಜಪಾನೀಯರ ವಶವಾಗಿ ಅಲ್ಲಿನ ಅಕ್ಕಿ ನಿಂತುಹೋಗಿತ್ತು. ಅಕ್ಟೋಬರಿನ ಚಂಡಮಾರುತವು ಮಿಡ್ನಾಪುರದ ಪೈರನ್ನು ನಾಶಮಾಡಿತ್ತು. ಶತ್ರುವಿಗೆ ಸಿಗಬಾರದೆಂದು ಕರಾವಳಿಯ ದೋಣಿಗಳನ್ನು ಸರಕಾರವೇ ವಶಪಡಿಸಿಕೊಂಡಿತ್ತು. ಯುದ್ಧವೆಚ್ಚದಿಂದ ಬೆಲೆಗಳು ಏರಿ, ಕೂಲಿಯಿಂದ ಬದುಕುವವನ ಕೈಗೆ ಅಕ್ಕಿ ಎಟುಕದಂತಾಗಿತ್ತು. ಸರಕಾರದ ವಿಚಾರಣಾ ಆಯೋಗವು 1945ರಲ್ಲಿ ಸತ್ತವರ ಸಂಖ್ಯೆಯನ್ನು ಸುಮಾರು 15 ಲಕ್ಷವೆಂದು ಅಂದಾಜುಮಾಡಿತು. ಅನಂತರದ ವಿದ್ವಾಂಸರು ಅದು 30 ಲಕ್ಷದವರೆಗೂ ಇರಬಹುದೆಂದಿದ್ದಾರೆ.

ಇಂತಹ ದುರಂತವನ್ನು ಕುರಿತ ವಿವರಣೆ ಆರು ಸಂಪುಟಗಳ ಕಥನದಲ್ಲಿ ಇಲ್ಲ. ಹಡಗುಗಳನ್ನು ಎಲ್ಲಿಗೆ ಕಳುಹಿಸಬೇಕೆಂಬ ನಿರ್ಣಯವು ಲಂಡನ್ನಿನ ಯುದ್ಧ ಮಂತ್ರಿಮಂಡಲದ್ದಾಗಿತ್ತು. ಭಾರತಮಂತ್ರಿಗಳಾದ ಆಮೆರಿಯವರೂ, 1943ರ ಅಕ್ಟೋಬರಿನಿಂದ ವೈಸರಾಯರಾದ ವೇವೆಲ್ಲರೂ ಧಾನ್ಯಕ್ಕಾಗಿ ಮತ್ತೆ ಮತ್ತೆ ಮೊರೆಯಿಟ್ಟರು. ದೊರೆತುದು ಕೇಳಿದುದಕ್ಕಿಂತ ಬಹಳ ಕಡಿಮೆ. ಪ್ರತಿಪಕ್ಷದ ಮಾತೂ ಉಂಟು. ಹಡಗುಗಳ ಅಭಾವವು ನಿಜವಾದುದು. ಕ್ಷಾಮದ ಮೊದಲ ಕಾರಣಗಳು ಚರ್ಚಿಲ್ಲರ ಆಜ್ಞೆಯಿಂದ ಹುಟ್ಟಿದವಲ್ಲ. ಪ್ರಾಂತ ಸರಕಾರದ ಅವ್ಯವಸ್ಥೆಯೂ ಅಲ್ಪವಾಗಿರಲಿಲ್ಲ. 1944ರ ಏಪ್ರಿಲ್ 29ರಂದು ಆಸ್ಟ್ರೇಲಿಯಾದ ಗೋಧಿಯನ್ನು ತರಲು ಹಡಗುಗಳನ್ನು ಬೇಡಿ ಅವರು ಅಧ್ಯಕ್ಷ ರೂಸ್‌ವೆಲ್ಟರಿಗೆ ತಂತಿ ಕಳುಹಿಸಿದರು. ಆ ಬೇಡಿಕೆ ಈಡೇರಲಿಲ್ಲ. ಇವೆಲ್ಲವನ್ನೂ ವಿಚಾರಮಾಡಿದ ಮೇಲೆ ಹೊಣೆಯನ್ನು ಹೇಗೆ ಹಂಚಬೇಕೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿರಬಹುದು. ನಮ್ಮ ಆಕ್ಷೇಪವು ಗ್ರಂಥವನ್ನು ಕುರಿತದ್ದು. ಆರೋಪಕ್ಕೆ ಉತ್ತರ ಕೊಡುವುದಕ್ಕಾದರೂ ಆರೋಪವನ್ನು ಎತ್ತಬೇಕು. ಇಲ್ಲಿ ಸಮರ್ಥನೆಯೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. ಸತ್ತವರು ಚರಿತ್ರೆಯ ವಿಷಯವೆಂದೇ ಗ್ರಂಥಕರ್ತರಿಗೆ ತೋರಲಿಲ್ಲ. ರಹಸ್ಯಕ್ಕಾಗಿ ಮುಚ್ಚಿದುದು ಮುಂದೆ ತೆರೆಯುತ್ತದೆ, ದಾಕ್ಷಿಣ್ಯಕ್ಕಾಗಿ ಬಿಟ್ಟುದನ್ನು ಕಡತಗಳು ಹೇಳುತ್ತವೆ. ಕಣ್ಣಿಗೆ ಬೀಳದುದರಿಂದ ಬಿಟ್ಟುಹೋದುದು ಲೇಖಕನ ದೃಷ್ಟಿಯ ಮೇರೆಯನ್ನೇ ತೋರಿಸುತ್ತದೆ.

ಹಾಗಾದರೆ ಗ್ರಂಥದ ಸ್ಥಾನವೇನು? 1940ರಲ್ಲಿ ನಾಜಿ ಪ್ರಭುತ್ವಕ್ಕೆ ತಲೆಬಾಗದೆ ನಿಂತ ನಾಯಕನ ಧೈರ್ಯವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆ ಧೈರ್ಯಕ್ಕೆ ತಕ್ಕ ವಾಣಿಯು ಈ ಸಂಪುಟಗಳಲ್ಲಿದೆ. ಸಾಹಿತ್ಯವಾಗಿ ಇವು ಬಾಳತಕ್ಕವು. ಆದರೆ ಇವು ಮಹಾಯುದ್ಧದ ಚರಿತ್ರೆಯಲ್ಲ, ಮುಖ್ಯಸಾಕ್ಷಿಯ ಹೇಳಿಕೆ. ಸಾಕ್ಷಿಯು ಎಷ್ಟೇ ದೊಡ್ಡವನಾದರೂ ನ್ಯಾಯಾಧಿಪತಿಯ ಪೀಠದಲ್ಲಿ ತಾನೇ ಕುಳಿತುಕೊಳ್ಳಲಾಗದು. 1965ರಲ್ಲಿ ಚರ್ಚಿಲ್ಲರು ತೀರಿಕೊಂಡ ಮೇಲೆ ಬಂದ ಚರಿತ್ರಕಾರರು ಬಹುಕಾಲ ಅವರು ಹಾಕಿದ ಜಾಡಿನಲ್ಲಿಯೇ ನಡೆದರು. ಕಡತಗಳು ತೆರೆದಂತೆಲ್ಲ ಅದರಿಂದ ಹೊರಬರುವುದು ಸಾಧ್ಯವಾಯಿತು. 20 ಲಕ್ಷಕ್ಕೂ ಮೀರಿದ ಸೈನಿಕರನ್ನು ಕೊಟ್ಟ ದೇಶದ ವಾಚಕರು ಈ ಆರು ಸಂಪುಟಗಳನ್ನು ಅವಶ್ಯವಾಗಿ ಓದಬೇಕು. ಓದುವಾಗ ಬರೆಯದೆ ಬಿಟ್ಟ ಆ ಅಧ್ಯಾಯವನ್ನು ಅದರ ಸ್ಥಾನದಲ್ಲಿಟ್ಟುಕೊಂಡೇ ಓದಬೇಕು.