ನೆನಪಿನ ಋಣ

ಮಾರ್ಸೆಲ್ ಪ್ರೂಸ್ತನ ಏಳು ಸಂಪುಟಗಳ ಫ್ರೆಂಚ್ ಕಾದಂಬರಿ ಪ್ರಕಟವಾದುದು 1913ರಿಂದ 1927ರ ಅವಧಿಯಲ್ಲಿ. ಚಹಾದಲ್ಲಿ ನೆನೆದ ತಿನಿಸಿನ ರುಚಿಯೊಡನೆ ಮರೆತ ಬಾಲ್ಯವೆಲ್ಲ ಮರಳುವ ಪ್ರಸಂಗವನ್ನು ಶಿಡ್ಲಘಟ್ಟದ ಓದುಗನಿಗೆ ವಿವರಿಸಬೇಕಾಗಿಲ್ಲ. ನೂಲು ಬಿಚ್ಚಲು ರೇಷ್ಮೆಗೂಡು ಬೇಯಿಸುವ ವಾಸನೆಯೊಂದೇ ಸಾಕು, ಅವನು ಊರಿಗೆ ಮರಳಿರುತ್ತಾನೆ. ಆ ಗೂಡಿನೊಳಗೆ ಬೆಂದ ಹುಳುವನ್ನು ಮಾತ್ರ ಸವಿನೆನಪು ಸುಲಭವಾಗಿ ಬಿಟ್ಟುಬಿಡುತ್ತದೆ.

ಹೀಗೆ ಬಿಟ್ಟುಹೋಗುವುದನ್ನೂ ಬರೆದುದೇ ಪ್ರೂಸ್ತನ ಹಿರಿಮೆ. ಐದನೆಯ ಸಂಪುಟದಲ್ಲಿ ನಿರೂಪಕನು ಅಲ್ಬರ್ತೀನಳನ್ನು ಸಂಶಯದಿಂದ ಮನೆಯಲ್ಲೇ ಕಾವಲಿಟ್ಟು, ಅವಳ ಗತಜೀವನವನ್ನೂ ತನ್ನ ವಶಮಾಡಿಕೊಳ್ಳಲು ಹಂಬಲಿಸುತ್ತಾನೆ. ಅವಳು ತೊರೆದುಹೋಗಿ ಸತ್ತ ಬಳಿಕವೂ ಅವನ ವಿಚಾರಣೆ ನಿಲ್ಲದು. ನೆನಪೂ ಪರಿಗ್ರಹವಾಗಬಲ್ಲದೆಂಬುದಕ್ಕೆ ಇಷ್ಟು ನಿಷ್ಠುರವಾದ ಸಾಕ್ಷ್ಯ ವಿರಳ. ಓದುಗನಿಗೆ ಬೇಸರ ಹುಟ್ಟುವುದೂ ಇಲ್ಲಿಯೇ ಎನ್ನಬೇಕು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರ (1920–2005) ‘ಹೋರಾಟದ ಹಾದಿ’ಯನ್ನು ಜತೆಗಿಟ್ಟು ಓದಿದರೆ ಭೇದ ಸ್ಪಷ್ಟ. ಓದಲೆಂದು ಬೆಂಗಳೂರಿಗೆ ನಡೆದೇ ಹೋದ ಹುಡುಗನಿಗೆ ನೆನೆಯುವುದೆಂದರೆ ಋಣವನ್ನು ಒಪ್ಪಿಕೊಳ್ಳುವುದು.

ಪ್ರೂಸ್ತನೂ ಒಮ್ಮೆ ಆ ಹಾದಿಗೆ ಬರುತ್ತಾನೆ. ಅಜ್ಜಿ ತೀರಿಕೊಂಡು ವರ್ಷ ಕಳೆದ ಮೇಲೆ, ನಿರೂಪಕನು ಬೂಟು ಬಿಚ್ಚಲು ಬಗ್ಗಿದ ಕ್ಷಣದಲ್ಲಿ ಅವಳಿಲ್ಲವೆಂಬುದು ಮೊದಲ ಬಾರಿಗೆ ಅವನಿಗೆ ಅರಿವಾಗುತ್ತದೆ. ಅವಳನ್ನು ನೋಯಿಸಿದ ಮಾತುಗಳೂ ಆಗಲೇ ನೆನಪಾಗುತ್ತವೆ. ಕ್ಷಮೆ ಕೇಳೋಣವೆಂದರೆ ಅವಳಿಲ್ಲ.