ಮೊಹರಿನ ಹಿಂದಿನ ಸತ್ಯ

ಸ್ತನಗಳಲ್ಲಿ ಸಿಲಿಕೋನ್ ಚೀಲಗಳನ್ನಿರಿಸುವ ಶಸ್ತ್ರಚಿಕಿತ್ಸೆಯ ಮಾತು ಬಂದೊಡನೆ, ಸೌಂದರ್ಯದ ವ್ಯಾಮೋಹವನ್ನು ಖಂಡಿಸಿ ಚರ್ಚೆಯನ್ನು ಮುಗಿಸುವುದು ರೂಢಿಯಾಗಿದೆ. ಈ ಖಂಡನೆ ಸುಲಭವಾದುದು, ಆದರೆ ನ್ಯಾಯವಾದುದಲ್ಲ. ಅರ್ಬುದರೋಗದಿಂದ ಸ್ತನವನ್ನು ಕಳೆದುಕೊಂಡ ಸ್ತ್ರೀಯರೂ ಈ ಚಿಕಿತ್ಸೆಗೆ ಒಳಗಾಗುತ್ತಾರೆ. ಆದುದರಿಂದ ವಿಮರ್ಶೆಯು ತಿರುಗಬೇಕಾದುದು ಚಿಕಿತ್ಸೆಯನ್ನು ಬಯಸಿದವಳ ಕಡೆಗಲ್ಲ. ಅವಳಿಗೆ ಸತ್ಯವನ್ನು ಹೇಳಬೇಕಾದವರ ಕಡೆಗೆ.

ಫ್ರಾನ್ಸಿನ ಪಿ.ಐ.ಪಿ. ಸಂಸ್ಥೆಯ ಪ್ರಕರಣ ಇದಕ್ಕೆ ನಿದರ್ಶನ. 1991ರಲ್ಲಿ ಜಾನ್-ಕ್ಲೋಡ್ ಮಾಸ್ ಸ್ಥಾಪಿಸಿದ ಈ ಸಂಸ್ಥೆಯು, ವೈದ್ಯಕೀಯ ಬಳಕೆಗೆ ಅನುಮತಿಯಿಲ್ಲದ ಅಗ್ಗದ ಕೈಗಾರಿಕಾ ಸಿಲಿಕೋನನ್ನು ವರ್ಷಗಟ್ಟಲೆ ಚೀಲಗಳಲ್ಲಿ ತುಂಬಿ ಮಾರಿತು. ಅದಕ್ಕೆ ಗುಣಮಟ್ಟದ ಪ್ರಮಾಣಪತ್ರವೂ ಇತ್ತು! ಪರೀಕ್ಷಕರು ಬರುವ ದಿನ ಮೊದಲೇ ತಿಳಿದಿರುತ್ತಿದ್ದುದರಿಂದ ಅಕ್ರಮದ ಕುರುಹುಗಳನ್ನು ಮರೆಮಾಡಲಾಗುತ್ತಿತ್ತು. 2010ರ ಮಾರ್ಚಿಯಲ್ಲಿ ಮಾರಾಟ ನಿಂತಿತು. 2011ರ ಡಿಸೆಂಬರಿನಲ್ಲಿ ಫ್ರೆಂಚ್ ಸರ್ಕಾರವು ಸುಮಾರು 30,000 ಮಹಿಳೆಯರಿಗೆ ಆ ಚೀಲಗಳನ್ನು ತೆಗೆಸಿಕೊಳ್ಳುವಂತೆ ಸಲಹೆಯಿತ್ತಿತು. 2013ರಲ್ಲಿ ಮಾಸ್‌ಗೆ ನಾಲ್ಕು ವರ್ಷಗಳ ಸೆರೆವಾಸ ವಿಧಿಸಲಾಯಿತು.

ಇದನ್ನು ಒಬ್ಬ ವಂಚಕನ ಕಥೆಯೆಂದು ಬದಿಗಿಡುವಂತಿಲ್ಲ. ನಿಯಮಬದ್ಧವಾಗಿ ತಯಾರಾದ ಚೀಲವೂ ಆಜೀವ ಬಾಳುವಂಥದಲ್ಲ. ಅದರ ಸುತ್ತ ದೇಹವು ಕಟ್ಟುವ ಗಾಯದ ಪೊರೆ ಕೆಲವರಲ್ಲಿ ಬಿಗಿದು, ಗಡಸುತನವನ್ನೂ ನೋವನ್ನೂ ತರುತ್ತದೆ. ಹೊರಕವಚವು ಯಾವ ಲಕ್ಷಣವನ್ನೂ ತೋರದೆ ಒಡೆಯಬಹುದು. ಅದನ್ನು ಅರಿಯಲು ಎಂ.ಆರ್.ಐ. ಅಥವಾ ಅಲ್ಟ್ರಾಸೌಂಡ್ ಪರೀಕ್ಷೆಯೇ ಬೇಕು. ಆಗ ಮರುಶಸ್ತ್ರಚಿಕಿತ್ಸೆ ಅನಿವಾರ್ಯವಾಗಬಹುದು. ಒರಟು ಮೇಲ್ಮೈಯ ಚೀಲಗಳೊಂದಿಗೆ ದುಗ್ಧಗ್ರಂಥಿ ವ್ಯವಸ್ಥೆಯ ಒಂದು ವಿರಳ ಅರ್ಬುದವೂ ಸೇರಿಕೊಂಡಿದೆ. ಈ ಕಾರಣದಿಂದಲೇ 2019ರಲ್ಲಿ ಅಲರ್ಗನ್ ಸಂಸ್ಥೆಯ ಬಯೋಸೆಲ್ ಮಾದರಿಗಳನ್ನು ವಿಶ್ವದಾದ್ಯಂತ ಹಿಂಪಡೆಯಲಾಯಿತು.

ಭಯವನ್ನು ಉತ್ಪ್ರೇಕ್ಷಿಸುವುದೂ ಅಸತ್ಯವೇ. ಈ ಚಿಕಿತ್ಸೆಗೊಳಗಾದ ಬಹುಮಂದಿ ಇಂಥ ಅರ್ಬುದಕ್ಕೆ ತುತ್ತಾಗುವುದಿಲ್ಲ. ಆದರೆ ಅಪಾಯವು ವಿರಳವೆಂಬುದು ಅದನ್ನು ಹೇಳದಿರಲು ನೆಪವಾಗಲಾರದು. ಅಮೆರಿಕದ ನಿಯಂತ್ರಣ ಇಲಾಖೆಯು, ಅಪಾಯಗಳನ್ನು ಒಂದೊಂದಾಗಿ ವಿವರಿಸಿ ರೋಗಿಯ ಒಪ್ಪಿಗೆ ಪಡೆಯುವ ಪಟ್ಟಿಯನ್ನು ಕಡ್ಡಾಯ ಮಾಡಿದ್ದು 2021ರಲ್ಲಿ. ಸಿಲಿಕೋನ್ ಚೀಲವನ್ನು ಮೊದಲು ಮಾನವ ದೇಹದಲ್ಲಿ ಇರಿಸಿದ್ದು 1962ರಲ್ಲಿ. ನಡುವಣ 59 ವರ್ಷಗಳ ವಿಳಂಬಕ್ಕೆ ಉತ್ತರದಾಯಿಗಳು ಯಾರು?

ಅರಿಯದೆ ನೀಡಿದ ಒಪ್ಪಿಗೆ ಒಪ್ಪಿಗೆಯಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳು ಇಂಥ ನಿರ್ಧಾರದ ಮುಂದೆ ನಿಂತಾಗ ಅವರಿಗೆ ಉಪದೇಶಕ್ಕಿಂತ ಮೊದಲು ಬೇಕಾದುದು ಮೂರು ಪ್ರಶ್ನೆಗಳನ್ನು ಕೇಳುವ ಧೈರ್ಯ: ಇದು ಎಷ್ಟು ಕಾಲ ಬಾಳುತ್ತದೆ? ಕೆಟ್ಟರೆ ತಿಳಿಯುವುದು ಹೇಗೆ? ತೆಗೆಸುವ ವೆಚ್ಚವನ್ನು ಹೊರುವವರು ಯಾರು?