ಕಪ್ಪು ಮೈ ಕಂಡರೆ ಎರಗುವ ನಾಯಿ

ಸಾಕುಪ್ರಾಣಿಗಳು ಮನುಷ್ಯರ ಮೇಲೆ ತಿರುಗಿಬೀಳುವ ಭಯದ ಸಿನಿಮಾಗಳು ಅಮೆರಿಕದಲ್ಲಿ ಒಂದು ಕಾಲಕ್ಕೆ ಸಾಲುಸಾಲಾಗಿ ಬಂದವು. 1977ರ 'ದಿ ಪ್ಯಾಕ್'ನಲ್ಲಿ, ರಜೆಗೆ ಬಂದ ಪೇಟೆ ಜನ ದ್ವೀಪದಲ್ಲಿ ಬಿಟ್ಟುಹೋದ ನಾಯಿಗಳು ಹಸಿದು, ಹಿಂಡು ಕಟ್ಟಿ ಮನುಷ್ಯರನ್ನೇ ಬೇಟೆಯಾಡುತ್ತವೆ. ಅಂಥವನ್ನು ನೋಡಿ ಬೆಚ್ಚಿ, ಆಮೇಲೆ ಮನೆಗೆ ಹೋಗಿ ಹಾಯಾಗಿ ಮಲಗಬಹುದು. ಸ್ಯಾಮ್ಯುಯೆಲ್ ಫುಲ್ಲರ್ 1982ರಲ್ಲಿ ಮಾಡಿದ 'ವೈಟ್ ಡಾಗ್' ಹಾಗಲ್ಲ. ಅದರಲ್ಲಿರೋದು ತಿರುಗಿಬಿದ್ದ ನಾಯಿಯೇ ಅಲ್ಲ. ಸಾಕಿದವನ ಮಾತನ್ನು ಚಾಚೂ ತಪ್ಪದೆ ನಡೆಸಿಕೊಡುವ ನಾಯಿ.

ಜೂಲಿ ಎಂಬ ಬಿಳಿಯ ನಟಿಯ ಕಾರಿಗೆ ರಾತ್ರಿ ಒಂದು ಬಿಳಿ ನಾಯಿ ಸಿಕ್ಕಿಬೀಳುತ್ತದೆ. ಆಕೆ ಅದನ್ನು ಉಳಿಸಿ ಸಾಕುತ್ತಾಳೆ. ಮನೆಗೆ ನುಗ್ಗಿದ ದುಷ್ಟನಿಂದ ಅದು ಅವಳನ್ನು ಕಾಪಾಡುತ್ತದೆ. ಎಂಥ ನಿಯತ್ತಿನ ಪ್ರಾಣಿ ಅಂದುಕೊಳ್ಳುವಷ್ಟರಲ್ಲಿ, ಬೀದಿ ಗುಡಿಸುವ ಗಾಡಿಯ ಕಪ್ಪು ಚಾಲಕನ ಮೇಲೆ ಎರಗುತ್ತದೆ. ಆಮೇಲೆ ಜೂಲಿಯ ಜೊತೆ ನಟಿಸುವ ಕಪ್ಪು ಹುಡುಗಿಯ ಮೇಲೆ. ಕೀಸ್ ಎಂಬ ಕಪ್ಪು ತರಬೇತುದಾರ (ಪಾಲ್ ವಿನ್‌ಫೀಲ್ಡ್ ಈ ಪಾತ್ರ ಮಾಡಿದ್ದಾನೆ) ಅದನ್ನು ನೋಡಿದೊಡನೆ ಗುರುತು ಹಿಡಿಯುತ್ತಾನೆ: ಇದು ಕಪ್ಪು ಚರ್ಮ ಕಂಡರೆ ಕಚ್ಚಲೆಂದೇ ತಯಾರು ಮಾಡಿದ ನಾಯಿ.

ತಯಾರು ಮಾಡುವುದು ಹೇಗೆ? ಗೆಳೆಯರೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ಕುಡಿತಕ್ಕೋ ಮದ್ದಿಗೋ ದಾಸನಾಗಿ ಕಾಸಿಗೆ ಒದ್ದಾಡುವ ಒಬ್ಬ ಕಪ್ಪು ಮನುಷ್ಯನನ್ನು ಹಿಡಿದು, ದುಡ್ಡು ಕೊಟ್ಟು, ಮರಿಯಿದ್ದಾಗಲೇ ಅದನ್ನು ಅವನ ಕೈಯಲ್ಲಿ ಹೊಡೆಸುತ್ತಾರೆ. ಮರಿಯ ತಲೆಯಲ್ಲಿ ಕಪ್ಪು ಚರ್ಮ ಮತ್ತು ನೋವು ಒಂದೇ ಆಗಿಬಿಡುತ್ತವೆ. ಹೊಡೆಸಿದ ಯಜಮಾನ ಮಾತ್ರ ಅನ್ನ ಹಾಕುವ ಧಣಿಯಾಗಿ ಉಳಿಯುತ್ತಾನೆ. ಕೇರಿಯವನ ಕೈಯಲ್ಲೇ ಕೇರಿಯವನಿಗೆ ಹೊಡೆಸುವ ಊರಗೌಡರನ್ನು ಕಂಡ ನಮಗೆ ಈ ವಿದ್ಯೆ ಹೊಸದೇನಲ್ಲ ಬಿಡಿ. ಇದನ್ನು ಕಾದಂಬರಿಕಾರನ ಕಲ್ಪನೆ ಅಂತ ತಳ್ಳಿಹಾಕುವ ಹಾಗೂ ಇಲ್ಲ. 1963ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹಕ್ಕು ಕೇಳಿ ಬೀದಿಗಿಳಿದ ಕಪ್ಪು ಜನರ ಮೇಲೆ ಪೊಲೀಸರೇ ನಾಯಿ ಬಿಟ್ಟಿದ್ದರು.

ಈ ನಾಯಿಯನ್ನು ಪಳಗಿಸಿದವನು ಕೊನೆಯ ಹೊತ್ತಿಗೆ ಬರುತ್ತಾನೆ. ಕೋರೆಹಲ್ಲಿನ ರಾಕ್ಷಸನಲ್ಲ. ಕೈಯಲ್ಲಿ ಚಾಕಲೇಟ್ ಪೊಟ್ಟಣ, ಜೊತೆಗೆ ಇಬ್ಬರು ಮೊಮ್ಮಕ್ಕಳು, ಮುಖದ ತುಂಬ ನಗು. ಇಡೀ ಚಿತ್ರದಲ್ಲಿ ನಮಗೆ ನಿಜವಾಗಿ ಮೈ ಜುಮ್ಮೆಂದದ್ದು ಈ ಅಜ್ಜನನ್ನು ನೋಡಿ. ಊರಲ್ಲಿ ನಮಗೆ ಲೋಟ ಬೇರೆ ಇಟ್ಟವರೂ ಹೀಗೇ ನಗುನಗುತ್ತಾ ಮಾತಾಡಿಸುವ ಹಿರಿಯರೇ ಅಲ್ಲವೇ?

ನಮ್ಮ ಪುರಾಣದಲ್ಲೂ ಇಂಥ ನಾಯಿ ಇದೆ. ಮಹಾಭಾರತದ ಆದಿಪರ್ವದಲ್ಲಿ ಪಾಂಡವರ ಬೇಟೆನಾಯಿ ಕಾಡಿನಲ್ಲಿ ಏಕಲವ್ಯನನ್ನು ಕಂಡು ಬೊಗಳುತ್ತದೆ. ಯಾಕೆ ಬೊಗಳಿತು? ಅವನ ಮೈ ಕಪ್ಪಗಿತ್ತು, ಕೊಳೆ ಮೆತ್ತಿತ್ತು, ಉಟ್ಟಿದ್ದು ಕೃಷ್ಣಾಜಿನ. ಕಾರಣವನ್ನು ಕವಿಯೇ ಹೇಳಿದ್ದಾನೆ. ಅರಮನೆಯ ನಾಯಿಗೆ ಬೇಡನ ಮೈಬಣ್ಣ ಕಂಡರಾಗದು ಅಂತ ಕಲಿಸಿದವರು ಯಾರು? ಏಕಲವ್ಯ ಅದರ ಬಾಯಿಗೆ ಏಳು ಬಾಣ ತುಂಬಿದ. ಅದಕ್ಕೆ ತೆತ್ತದ್ದು ಬಲಗೈ ಹೆಬ್ಬೆರಳು. ಪಂಡಿತರು ಗುರುಭಕ್ತಿಯ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ನಾಯಿ ಬೊಗಳಿದ್ದರ ಬಗ್ಗೆ ಅವರು ತುಟಿ ಬಿಚ್ಚಿದ್ದನ್ನು ನಾವು ಕಂಡಿಲ್ಲ.

ಯಲಹಂಕದಲ್ಲಿ ಕೂತು ಈ ಚಿತ್ರ ನೋಡಿದಾಗ ಇದೆಲ್ಲ ದೂರದ ಮಾತು ಅನ್ನಿಸಲಿಲ್ಲ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಈ ಕಡೆಯ ಹೊಲಗದ್ದೆಗಳಲ್ಲಿ ಗೇಟು ಹಾಕಿದ ಬಡಾವಣೆಗಳು ಎದ್ದಿವೆ. ಗೇಟಿನ ಮೇಲೆ 'ನಾಯಿ ಇದೆ ಎಚ್ಚರಿಕೆ' ಬೋರ್ಡು. ಕಾರಿನಲ್ಲಿ ಬಂದಿಳಿದವನಿಗೆ ಬಾಲ ಆಡಿಸುವ ನಾಯಿ, ಕಸ ಎತ್ತೋಳಿಗೆ, ಗ್ಯಾಸ್ ಹೊರೋನಿಗೆ, ಮುಸುರೆ ತಿಕ್ಕಲು ಹೋಗುವ ನಮ್ಮ ಅವ್ವಂದಿರಿಗೆ ಹಲ್ಲು ಕಿರಿಯುತ್ತದೆ. ಅಲ್ಲಿ ಯಾರೂ ಯಾರನ್ನೂ ಕರೆಸಿ ಮರಿಗೆ ಹೊಡೆಸಿಲ್ಲ, ಒಪ್ಪುತ್ತೇವೆ. ಯಾರು ಬಂದಾಗ ಯಜಮಾನನ ದನಿ ಗಡುಸಾಗುತ್ತದೆ, ಯಾರನ್ನು ಗೇಟಿನಾಚೆಗೇ ನಿಲ್ಲಿಸುತ್ತಾರೆ ಅನ್ನೋದನ್ನು ನಾಯಿ ನೋಡಿಯೇ ಕಲಿಯುತ್ತದೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ನಾಯಿ ತಳಿಗಳನ್ನು ಅಪಾಯಕಾರಿ ಅಂತ ಹೆಸರಿಸಿ ನಿಷೇಧದ ಸುತ್ತೋಲೆ ಹೊರಡಿಸಿತು. ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ರದ್ದು ಮಾಡಿತು. ಫುಲ್ಲರನ ನಾಯಿ ಜರ್ಮನ್ ಶೆಫರ್ಡ್, ಆ ಪಟ್ಟಿಯಲ್ಲಿ ಇರಲೇ ಇಲ್ಲ. ಹುಟ್ಟು ನೋಡಿ ಅಪರಾಧಿ ಅನ್ನುವ ಚಾಳಿ ನಮ್ಮ ದೇಶಕ್ಕೆ ಹಳೆಯದು.

ಹಾಗಂತ ಈ ಚಿತ್ರವನ್ನು ತಲೆಮೇಲೆ ಹೊತ್ತು ಮೆರೆಸಲು ನಾವು ತಯಾರಿಲ್ಲ. ನಾಯಿ ತಪ್ಪಿಸಿಕೊಂಡು ಹೋಗಿ ಒಬ್ಬ ಕಪ್ಪು ಮನುಷ್ಯನನ್ನು ಚರ್ಚಿನೊಳಗೇ ಕೊಲ್ಲುತ್ತದೆ. ಸತ್ತವನಿಗೆ ಒಂದು ಹೆಸರಿಲ್ಲ. ಅವನ ಮನೆ, ಹೆಂಡತಿ, ಮಕ್ಕಳು ಯಾವುದನ್ನೂ ಕ್ಯಾಮೆರಾ ಹುಡುಕಿಕೊಂಡು ಹೋಗುವುದಿಲ್ಲ. ಕೀಸ್ ನಾಯಿಯನ್ನು ಕೊಲ್ಲದೆ ಚಿಕಿತ್ಸೆ ಮುಂದುವರಿಸುತ್ತಾನೆ. ಒಂದು ನಾಯಿ ವಾಸಿಯಾದರೆ ದ್ವೇಷ ಕಲಿಸುವವರ ಆಟ ಮುಗಿಯುತ್ತದೆ ಅನ್ನೋದು ಅವನ ನಂಬಿಕೆ. ಕಚ್ಚಿಸಿಕೊಂಡವರ ಗಾಯಕ್ಕಿಂತ ಕಚ್ಚಿದವರ ಮನಃಪರಿವರ್ತನೆಗೆ ಹೆಚ್ಚು ಮಿಡಿಯುವ ಈ ಉದಾರವಾದವನ್ನು ನಾವು ಹರಿಜನೋದ್ಧಾರದ ಭಾಷಣಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ.

ಆದರೂ ಫುಲ್ಲರ್ ತನ್ನ ಈ ನಂಬಿಕೆಗೆ ತಾನೇ ಮೋಸ ಹೋಗಿಲ್ಲ. ಕೊನೆಗೆ ನಾಯಿ ಕೀಸನನ್ನು ಒಪ್ಪಿಕೊಳ್ಳುತ್ತದೆ, ಮರುಗಳಿಗೆಯಲ್ಲೇ ಅವನ ಬಿಳಿಯ ಜೊತೆಗಾರ ಕಾರುಥರ್ಸ್ ಮೇಲೆ ಹಾರುತ್ತದೆ. ಕೀಸ್ ಗುಂಡು ಹಾರಿಸಬೇಕಾಗುತ್ತದೆ. ರೊಮೇನ್ ಗ್ಯಾರಿಯ ಮೂಲ ಪುಸ್ತಕದಲ್ಲಿ ಕಪ್ಪು ತರಬೇತುದಾರ ಸೇಡಿಗಾಗಿ ಬೇಕೆಂದೇ ನಾಯಿಯನ್ನು ಬಿಳಿಯರ ಮೇಲೆ ತಿರುಗಿಸುತ್ತಾನೆ. ಫುಲ್ಲರ್ ಅದನ್ನು ಕೈಬಿಟ್ಟದ್ದು ಸರಿ. ಇಲ್ಲದಿದ್ದರೆ ತಪ್ಪೆಲ್ಲ ಮತ್ತೆ ಹೊಡೆತ ತಿಂದವನ ತಲೆಗೇ ಬರುತ್ತಿತ್ತು.

ಪ್ಯಾರಾಮೌಂಟ್ ಕಂಪನಿ ಗಲಾಟೆಗೆ ಹೆದರಿ ಈ ಚಿತ್ರವನ್ನು ಅಮೆರಿಕದಲ್ಲಿ ಬಿಡುಗಡೆ ಮಾಡದೆ ಮೂಲೆಗೆ ಹಾಕಿತು. ಫುಲ್ಲರ್ ಫ್ರಾನ್ಸಿಗೆ ಹೋದ. ಡಿವಿಡಿ ಬಂದದ್ದು 2008ರಲ್ಲಿ, ಅಷ್ಟರಲ್ಲಿ ಅವನು ಸತ್ತು 11 ವರ್ಷ.

ಹಾಸ್ಟೆಲುಗಳಲ್ಲಿ ತೋರಿಸಲು 90 ನಿಮಿಷ ಸಾಕು. ರಕ್ತದ ದೃಶ್ಯಗಳಿವೆ, ಚಿಕ್ಕ ಮಕ್ಕಳಿಗೆ ಬೇಡ. ಪಿಯುಸಿ ದಾಟಿದವರಿಗೆ ತೋರಿಸುವ ಮೇಷ್ಟ್ರುಗಳು ಚಾಕಲೇಟ್ ಅಜ್ಜ ಬಂದಾಗ ಚಿತ್ರ ನಿಲ್ಲಿಸಿ, ನಿಮ್ಮೂರಲ್ಲಿ ಇವನು ಯಾರು ಅಂತ ಕೇಳಿ ನೋಡಲಿ. ನಾವು ಕೇಳಿದಾಗ ಹುಡುಗರು ಹೆಸರು ಹಿಡಿದೇ ಹೇಳಿದರು.